ಶ್ವಾಸಕೋಶದ ಚಿತ್ರ ಮತ್ತು ರಕ್ತದ ವರದಿಯನ್ನು ಒಟ್ಟಿಗೆ ಓದುವುದು: ಕೆ.ಜಿ.ಎಫ್. ಹಾಗೂ ಬಂಗಾರಪೇಟೆ ಭಾಗದ ಕೃಷಿ ಕುಟುಂಬಗಳಿಗೆ ಮಾಹಿತಿ

ಕೋಲಾರ ಜಿಲ್ಲೆಯ ಬಂಗಾರಪೇಟೆ ಮತ್ತು ಕೆ.ಜಿ.ಎಫ್. ತಾಲ್ಲೂಕುಗಳಲ್ಲಿ ವರ್ಷಾನುಗಟ್ಟಲೆ ಕೆಮ್ಮು ಹಾಗೂ ಏದುಸಿರಿನಿಂದ ಬಳಲುವವರ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ದಾಖಲೆಗಳು ಇರುತ್ತವೆ. ದೊಡ್ಡ ಲಕೋಟೆಯೊಳಗೆ ಎದೆಯ ಎಕ್ಸ್‌ರೇ ಅಥವಾ ಸಿ.ಟಿ. ಸ್ಕ್ಯಾನಿನ ಫಿಲ್ಮು, ಪ್ಲಾಸ್ಟಿಕ್ ಚೀಲದೊಳಗೆ ರಕ್ತ ಪರೀಕ್ಷೆಯ ವರದಿಗಳು. ಬಹಳಷ್ಟು ಸಂದರ್ಭಗಳಲ್ಲಿ ಫಿಲ್ಮನ್ನು ನೋಡಿದ ವೈದ್ಯರು ಒಬ್ಬರಾದರೆ ರಕ್ತದ ವರದಿಯನ್ನು ನೋಡಿದವರು ಇನ್ನೊಬ್ಬರು. ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು, ರೋಗಿಯು ಯಾವ ಕೆಲಸ ಮಾಡಿದವರೆಂದು ಕೇಳಿ ಓದುವ ಅವಕಾಶ ಒದಗುವುದು ಅಪರೂಪ. ಈ ಭಾಗದಲ್ಲಿ ಅದರಿಂದಾಗುವ ನಷ್ಟ ಸಣ್ಣದಲ್ಲ. ಒಂದು ಕಾಲಕ್ಕೆ ಚಿನ್ನದ ಗಣಿಯಲ್ಲಿ ಅಥವಾ ಕಲ್ಲು ಕ್ವಾರಿಯಲ್ಲಿ ದುಡಿದವರು ಇಂದು ಸೀಮೆಹಸು ಸಾಕುತ್ತಿದ್ದಾರೆ, ಟೊಮೆಟೊ ಬೆಳೆಯುತ್ತಿದ್ದಾರೆ, ರೇಷ್ಮೆ ಹುಳು ಮೇಯಿಸುತ್ತಿದ್ದಾರೆ. ಒಬ್ಬರದೇ ಎದೆಯೊಳಗೆ ಎರಡು ಮೂರು ಬಗೆಯ ಧೂಳು ಸೇರಿರುತ್ತದೆ.

ಟೊಮೆಟೊ ಬೆಳೆಯುವವರಿಗೆ ಈ ವಿಷಯವನ್ನು ಬೇರೆ ರೀತಿಯಲ್ಲಿ ಹೇಳಬೇಕಾಗಿಲ್ಲ. ಎಲೆಯ ನರಗಳ ನಡುವೆ ಹಳದಿ ಬಣ್ಣ ಕಂಡಾಗ ಅದು ಮೆಗ್ನೀಸಿಯಂ ಕೊರತೆಯೋ, ಕಬ್ಬಿಣದ ಕೊರತೆಯೋ, ನಂಜುರೋಗವೋ ಎಂಬುದನ್ನು ಎಲೆಯೊಂದೇ ತಿಳಿಸದು. ಮಣ್ಣು ಪರೀಕ್ಷೆಯ ವರದಿಯೊಂದೇ ಸಹ ತಿಳಿಸದು. ಹಳೆಯ ಎಲೆಯೋ ಹೊಸ ಎಲೆಯೋ, ಆ ತಾಕಿಗೆ ಹಿಂದೆ ಏನು ಹಾಕಲಾಗಿತ್ತು ಎಂಬುದನ್ನೂ ಕೂಡಿಸಿಯೇ ನಿರ್ಧರಿಸಬೇಕಾಗುತ್ತದೆ. ಎದೆಯ ಚಿತ್ರವು ಶ್ವಾಸಕೋಶದ ರಚನೆ ಎಷ್ಟು ಕೆಟ್ಟಿದೆ, ಎಲ್ಲಿ ಕೆಟ್ಟಿದೆ ಎಂಬುದನ್ನು ತೋರಿಸುತ್ತದೆ. ಅದರಲ್ಲಿ ಕಾಣುವ ಎಷ್ಟೋ ಗುರುತುಗಳು ಹತ್ತು, ಇಪ್ಪತ್ತು ವರ್ಷಗಳಷ್ಟು ಹಳೆಯವಾಗಿರಬಹುದು. ರಕ್ತವು ಈ ಹೊತ್ತಿನಲ್ಲಿ ಒಳಗೆ ಯಾವ ಬಗೆಯ ಉರಿಯೂತ ನಡೆಯುತ್ತಿದೆ ಎಂಬುದರ ಸುಳಿವು ನೀಡುತ್ತದೆ.

ಗಣಿಯ ಧೂಳು

ಕೋಲಾರದ ಚಿನ್ನದ ಗಣಿಗಳಲ್ಲಿ 1880ರ ದಶಕದಿಂದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತದಲ್ಲಿ ಆಧುನಿಕ ಗಣಿಗಾರಿಕೆ ನಡೆಯಿತು. 2001ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಕಾಲದಲ್ಲಿ ಗಣಿಗಳು ಮುಚ್ಚಿದವು. ಚಾಂಪಿಯನ್ ರೀಫ್ ಗಣಿಯು 3 ಕಿಲೋಮೀಟರಿಗೂ ಹೆಚ್ಚಿನ ಆಳ ತಲುಪಿತ್ತು. ಇಲ್ಲಿ ಚಿನ್ನವು ಬೆಣಚುಕಲ್ಲಿನ ಪಟ್ಟಿಗಳಲ್ಲಿ ಸೇರಿಕೊಂಡಿತ್ತು. ಬೆಣಚುಕಲ್ಲೆಂದರೆ ಹರಳಿನ ರೂಪದ ಸಿಲಿಕಾ. ಅದನ್ನು ಕೊರೆದಾಗ, ಸಿಡಿಸಿದಾಗ, ಅರೆದಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಕಣಗಳೇ ಹೆಚ್ಚು ಅಪಾಯಕಾರಿ. ದೊಡ್ಡ ಕಣಗಳು ಮೂಗು ಗಂಟಲಿನಲ್ಲಿ ತಡೆಯಲ್ಪಟ್ಟು ಕಫದೊಡನೆ ಹೊರಬೀಳುತ್ತವೆ. ಸೂಕ್ಷ್ಮ ಕಣಗಳು ಗಾಳಿಗೂಡುಗಳವರೆಗೆ ಇಳಿಯುತ್ತವೆ. ಅಲ್ಲಿರುವ ಭಕ್ಷಕ ಕೋಶಗಳು ಅವನ್ನು ನುಂಗುತ್ತವೆ, ಅರಗಿಸಲಾಗದೆ ಸಾಯುತ್ತವೆ, ಸಾಯುವಾಗ ಉರಿಯೂತವನ್ನುಂಟುಮಾಡುವ ದ್ರವ್ಯಗಳನ್ನು ಚೆಲ್ಲುತ್ತವೆ. ಬಿಡುಗಡೆಯಾದ ಕಣವನ್ನು ಮತ್ತೊಂದು ಕೋಶ ನುಂಗುತ್ತದೆ. ಈ ಸರಣಿ ನಿಲ್ಲದೆ ಸಾಗಿ ಗಟ್ಟಿಯಾದ ನಾರಿನ ಗಂಟುಗಳು ಮೂಡುತ್ತವೆ. ಧೂಳಿನ ಕೆಲಸ ಬಿಟ್ಟ ಮೇಲೂ ಗಂಟುಗಳು ಬೆಳೆಯಬಹುದಾದ ಕಾರಣ ಇದೇ. 1985ರಲ್ಲಿ ಇಪ್ಪತ್ತರ ಹರೆಯದಲ್ಲಿ ಗಣಿಗಿಳಿದವರು ಇಂದು ಅರವತ್ತರ ಆಸುಪಾಸಿನಲ್ಲಿದ್ದಾರೆ. ಗಣಿ ಮುಚ್ಚಿತೆಂದ ಮಾತ್ರಕ್ಕೆ ಅವರ ಶ್ವಾಸಕೋಶದ ವಿಚಾರಣೆ ಮುಗಿದಂತಲ್ಲ.

ಭಾರತದಲ್ಲಿ ಸಿಲಿಕೋಸಿಸ್ ಕುರಿತ ಮೊದಮೊದಲ ದೊಡ್ಡ ಅಧ್ಯಯನ ನಡೆದದ್ದು ಇಲ್ಲಿಯೇ. ಕ್ಯಾಪ್ಲನ್ ಮತ್ತು ಬರ್ಡನ್ ಅವರ, 1947ರಲ್ಲಿ ಹೊರಬಂದ ಸಮೀಕ್ಷೆಯಲ್ಲಿ 7653 ಗಣಿ ಕಾರ್ಮಿಕರನ್ನು ಪರೀಕ್ಷಿಸಲಾಗಿ ಶೇ. 43.7 ಮಂದಿಯಲ್ಲಿ ಸಿಲಿಕೋಸಿಸ್ ಕಂಡುಬಂದಿತು. ನೂರಕ್ಕೆ ಸುಮಾರು 44 ಮಂದಿ!

ಎಕ್ಸ್‌ರೇಯಲ್ಲಿ ಈ ಕಾಯಿಲೆ ಶ್ವಾಸಕೋಶದ ಮೇಲ್ಭಾಗದಲ್ಲಿ ದುಂಡನೆಯ ಸಣ್ಣ ಚುಕ್ಕೆಗಳಾಗಿ ತೋರುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ವರ್ಗೀಕರಣದಲ್ಲಿ ಒಂದೂವರೆ ಮಿಲಿಮೀಟರಿನವರೆಗಿನ ಚುಕ್ಕೆಗೆ ಪಿ, ಮೂರು ಮಿಲಿಮೀಟರಿನವರೆಗಿನದಕ್ಕೆ ಕ್ಯು, ಹತ್ತು ಮಿಲಿಮೀಟರಿನವರೆಗಿನದಕ್ಕೆ ಆರ್ ಎಂಬ ಗುರುತು ನೀಡಲಾಗುತ್ತದೆ. ಹತ್ತು ಮಿಲಿಮೀಟರ್ ಮೀರಿದ ಮುದ್ದೆಗಳನ್ನು ಪ್ರತ್ಯೇಕವಾಗಿ ಎಣಿಸಲಾಗುತ್ತದೆ. ಕೆಲವರಲ್ಲಿ ಶ್ವಾಸಕೋಶದ ಬುಡದ ದುಗ್ಧಗ್ರಂಥಿಗಳ ಸುತ್ತ ಮೊಟ್ಟೆಯ ಚಿಪ್ಪಿನಂತೆ ಸುಣ್ಣದ ತೆಳು ಪದರ ಕಟ್ಟಿರುತ್ತದೆ. ಗಣಿ ಅಥವಾ ಕ್ವಾರಿಯಲ್ಲಿ ದುಡಿದವರಲ್ಲಿ ಇಂತಹ ಚಿಪ್ಪು ಕಂಡರೆ ಅನುಭವಿ ವೈದ್ಯರು ಸಿಲಿಕಾವನ್ನೇ ಮೊದಲು ಶಂಕಿಸುತ್ತಾರೆ.

ರಕ್ತದಲ್ಲಿ ಇದಕ್ಕೆ ಸಮನಾದ ಒಂದು ಖಚಿತ ಗುರುತು ಇದೆಯೇ? ಇಲ್ಲವೆಂದೇ ಹೇಳಬೇಕು. ಇ.ಎಸ್.ಆರ್. ಮತ್ತು ಸಿ.ಆರ್.ಪಿ. ಎಂಬ ಸಾಮಾನ್ಯ ಪರೀಕ್ಷೆಗಳು ಉರಿಯೂತವಿದೆ ಎಂಬುದನ್ನಷ್ಟೇ ಹೇಳುತ್ತವೆ. ಕ್ಷಯದಲ್ಲೂ ಅವು ಏರುತ್ತವೆ, ಹಲ್ಲಿನ ಕೀವಿನಲ್ಲೂ ಏರುತ್ತವೆ. ಹೆಚ್ಚು ಭರವಸೆ ಮೂಡಿಸಿರುವುದು ಸಿ.ಸಿ.-16 ಎಂಬ ಪ್ರೋಟೀನು. ಸಣ್ಣ ಶ್ವಾಸನಾಳಗಳ ಒಳಪದರದ ಕ್ಲಬ್ ಕೋಶಗಳು ಇದನ್ನು ಸ್ರವಿಸುತ್ತವೆ. ಸಿಲಿಕಾ ಧೂಳಿನಿಂದ ಆ ಕೋಶಗಳು ನಾಶವಾದಂತೆ ರಕ್ತದಲ್ಲಿ ಇದರ ಪ್ರಮಾಣ ಇಳಿಯುತ್ತದೆ. ಎಕ್ಸ್‌ರೇಯಲ್ಲಿ ಚುಕ್ಕೆ ಮೂಡುವ ಮೊದಲೇ ಹಾನಿಯ ಸುಳಿವು ಹಿಡಿಯುವ ಉದ್ದೇಶದಿಂದ ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯು ಇದನ್ನು ಅಳೆಯುವ ಕಿಟ್ ರೂಪಿಸಿದೆ. ಆದರೆ ಬೀಡಿ ಸಿಗರೇಟು ಸೇದುವವರಲ್ಲೂ ಸಿ.ಸಿ.-16 ಇಳಿಯುತ್ತದೆ. ಆದುದರಿಂದ ಇದು ಇನ್ನೂ ಧೂಳಿನಲ್ಲಿ ದುಡಿಯುತ್ತಿರುವವರನ್ನು ಬೇರ್ಪಡಿಸಿ ತಪಾಸಣೆಗೆ ಕಳುಹಿಸಲು ನೆರವಾಗುವ ಪರೀಕ್ಷೆಯೇ ಹೊರತು ರೋಗನಿರ್ಣಯದ ಪರೀಕ್ಷೆಯಲ್ಲ.

ಚಿತ್ರಕ್ಕೂ ರಕ್ತಕ್ಕೂ ಗಂಟು ಬಿದ್ದ ಬಗೆ

ಕ್ಯಾಪ್ಲನ್ ಎಂಬ ಹೆಸರನ್ನು ಶ್ವಾಸಕೋಶ ತಜ್ಞರು ಮತ್ತೊಂದು ಕಾರಣಕ್ಕೂ ಬಲ್ಲರು. 1953ರಲ್ಲಿ ಬ್ರಿಟನ್ನಿನ ಕಾರ್ಡಿಫ್ ನಗರದಲ್ಲಿ ಕಲ್ಲಿದ್ದಲು ಗಣಿ ಕಾರ್ಮಿಕರ ಎಕ್ಸ್‌ರೇಗಳನ್ನು ಪರಿಶೀಲಿಸುತ್ತಿದ್ದ ಡಾ. ಆಂಥೊನಿ ಕ್ಯಾಪ್ಲನ್ ಅವರು ಒಂದು ವಿಚಿತ್ರವನ್ನು ಗಮನಿಸಿದರು. ಕೈಕಾಲುಗಳ ಕೀಲು ಊದಿಕೊಳ್ಳುವ ರುಮಟಾಯ್ಡ್ ಸಂಧಿವಾತವಿದ್ದ ಕೆಲವು ಕಾರ್ಮಿಕರ ಶ್ವಾಸಕೋಶದಲ್ಲಿ ಅರ್ಧ ಸೆಂಟಿಮೀಟರಿನಿಂದ ಐದು ಸೆಂಟಿಮೀಟರಿನವರೆಗಿನ, ಅಂಚು ಸ್ಪಷ್ಟವಾಗಿರುವ ದುಂಡು ನೆರಳುಗಳು ಹರಡಿಕೊಂಡಿದ್ದವು. ಸಾಮಾನ್ಯ ಧೂಳುರೋಗದಲ್ಲಿ ಮೊದಲು ಸಣ್ಣ ಚುಕ್ಕೆಗಳು ದಟ್ಟವಾಗಿ, ಅನಂತರ ದೊಡ್ಡ ಮುದ್ದೆಗಳಾಗುವುದು ಕ್ರಮ. ಇವರಲ್ಲಿ ಸಣ್ಣ ಚುಕ್ಕೆಗಳು ವಿರಳವಾಗಿದ್ದರೂ ದೊಡ್ಡ ಗಂಟುಗಳು ಇದ್ದವು. 1962ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಇನ್ನೊಂದು ಹೆಜ್ಜೆ ಮುಂದೆ ಹೋದರು. ಇಂತಹ ಚಿತ್ರವಿದ್ದು ಕೀಲುನೋವು ಇಲ್ಲದವರ ರಕ್ತದಲ್ಲೂ ರುಮಟಾಯ್ಡ್ ಫ್ಯಾಕ್ಟರ್ ಎಂಬ ಪ್ರತಿಕಾಯ ಪತ್ತೆಯಾಗುತ್ತಿತ್ತು. ಅಂದರೆ ಎದೆಯ ಚಿತ್ರದ ಒಂದು ನಿರ್ದಿಷ್ಟ ಆಕಾರವು ರಕ್ತದ ಒಂದು ನಿರ್ದಿಷ್ಟ ಗುರುತಿನೊಡನೆ ಜೊತೆಗೂಡಿ ಬರುತ್ತಿತ್ತು.

ಸಿಲಿಕಾ ಧೂಳು ದೇಹದ ರಕ್ಷಣಾ ವ್ಯವಸ್ಥೆಯನ್ನೇ ದಾರಿ ತಪ್ಪಿಸಬಲ್ಲದು ಎಂಬುದು ಇಂದು ಒಪ್ಪಿತವಾದ ಸಂಗತಿ. ದಕ್ಷಿಣ ಆಫ್ರಿಕದ ಚಿನ್ನದ ಗಣಿ ಕಾರ್ಮಿಕರಲ್ಲಿ ಚರ್ಮ ಬಿಗಿಯುವ ಸ್ಕ್ಲೀರೋಡರ್ಮ ಕಾಯಿಲೆ ಹೆಚ್ಚಾಗಿರುವುದನ್ನು ಎರಾಸ್ಮಸ್ ಎಂಬ ವೈದ್ಯರು 1957ರಲ್ಲಿ ವರದಿ ಮಾಡಿದ್ದರು. ಆದುದರಿಂದ ಗಣಿಯಲ್ಲಿ ದುಡಿದವರಿಗೆ ಬೆಳಗಿನ ಹೊತ್ತು ಬೆರಳುಗಳು ಬಿಗಿದುಕೊಳ್ಳುವುದು, ಮಣಿಕಟ್ಟು ಊದುವುದು, ಚಳಿಗೆ ಬೆರಳ ತುದಿ ಬಿಳಿಚಿಕೊಳ್ಳುವುದು ಇದ್ದಲ್ಲಿ ಅದನ್ನು ವಯಸ್ಸಿನ ನೋವೆಂದು ತಳ್ಳಿಹಾಕದೆ ಎದೆಯ ವೈದ್ಯರಿಗೂ ಹೇಳಬೇಕು. ಎದೆಯ ಕಾಯಿಲೆಗೂ ಬೆರಳಿಗೂ ಏನು ಸಂಬಂಧವೆಂದು ಬಹುತೇಕರು ಆ ಮಾತನ್ನೇ ಎತ್ತುವುದಿಲ್ಲ.

ಕ್ಷಯವೆಂದು ತಪ್ಪಾಗಿ ತಿಳಿಯುವುದು

ಈ ಭಾಗದ ಮಟ್ಟಿಗೆ ಅತಿ ಮುಖ್ಯವಾದ ಗೊಂದಲ ಇದು. ಸಿಲಿಕೋಸಿಸ್ ಮತ್ತು ಕ್ಷಯ ಎರಡೂ ಶ್ವಾಸಕೋಶದ ಮೇಲ್ಭಾಗವನ್ನೇ ಹೆಚ್ಚಾಗಿ ಹಿಡಿಯುತ್ತವೆ. ಎರಡರಲ್ಲೂ ತೂಕ ಇಳಿಯಬಹುದು, ಇ.ಎಸ್.ಆರ್. ಏರಬಹುದು. ಚಿತ್ರ ಮತ್ತು ರಕ್ತ ಎರಡೂ ಇಲ್ಲಿ ಒಟ್ಟಾಗಿಯೇ ದಾರಿ ತಪ್ಪಿಸಬಲ್ಲವು. ಕಫದಲ್ಲಿ ರೋಗಾಣು ಇದೆಯೇ ಎಂದು ಸಿ.ಬಿ. ನ್ಯಾಟ್ ಅಥವಾ ಟ್ರೂನ್ಯಾಟ್ ಯಂತ್ರದಲ್ಲಿ ನೋಡದೆ, ಚಿತ್ರದ ನೆರಳನ್ನಷ್ಟೇ ನಂಬಿ ಮತ್ತೆ ಮತ್ತೆ ಕ್ಷಯದ ಗುಳಿಗೆ ನುಂಗಿದವರು ಗಣಿ ಪ್ರದೇಶಗಳಲ್ಲಿ ಅಪರೂಪವಲ್ಲ. ಇದರ ವಿರುದ್ಧದ ತಪ್ಪೂ ಅಷ್ಟೇ ಅಪಾಯಕಾರಿ. ಸಿಲಿಕಾದಿಂದ ಭಕ್ಷಕ ಕೋಶಗಳು ದುರ್ಬಲಗೊಳ್ಳುವ ಕಾರಣ ಸಿಲಿಕೋಸಿಸ್ ಇರುವವರಿಗೆ ಕ್ಷಯ ಅಂಟುವ ಸಂಭವ ಇತರರಿಗಿಂತ ಹಲವು ಪಟ್ಟು ಹೆಚ್ಚು. ಹಳೆಯ ಗಂಟುಗಳಿದ್ದವರಲ್ಲಿ ಹೊಸದಾಗಿ ಜ್ವರ, ರಾತ್ರಿ ಬೆವರು, ರಕ್ತ ಮಿಶ್ರಿತ ಕಫ ಕಂಡರೆ ಅದೂ ಧೂಳಿನದೇ ಎಂದು ಸುಮ್ಮನಿರಬಾರದು. ಕಫದ ಪರೀಕ್ಷೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ನೂರಾರು ರೂಪಾಯಿಯ ರಕ್ತ ಪರೀಕ್ಷೆಗಿಂತ ಈ ಪ್ರಶ್ನೆಗೆ ಅದೇ ಮೇಲು.

ಹುಲ್ಲಿನ ಮೆದೆ, ಕೊಟ್ಟಿಗೆ, ರೇಷ್ಮೆ ಮನೆ

ಗಣಿಯನ್ನು ಎಂದೂ ಕಾಣದ ರೈತರಿಗೂ ಇದೇ ಬಗೆಯ ಪ್ರಶ್ನೆಗಳು ಎದುರಾಗುತ್ತವೆ. ಕೋಲಾರ ಭಾಗದಲ್ಲಿ ರಾಗಿ ಕೊಯ್ಲು ನವೆಂಬರ್–ಡಿಸೆಂಬರ್ ತಿಂಗಳುಗಳಲ್ಲಿ ನಡೆಯುತ್ತದೆ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ಮಳೆ ಬೀಳುವುದೂ ಆಗಲೇ. ಹಸಿ ಆರದ ಹುಲ್ಲನ್ನು ಮೆದೆ ಹಾಕಿದಾಗ ಅದರೊಳಗೆ ಕಾವು ಏರುತ್ತದೆ. ಆ ಕಾವಿನಲ್ಲಿ ಉಷ್ಣಪ್ರಿಯ ಸೂಕ್ಷ್ಮಜೀವಿಗಳೂ ಬೂಷ್ಟೂ ಬೆಳೆಯುತ್ತವೆ. ಬೇಸಿಗೆಯಲ್ಲಿ ಮೆದೆ ಕಿತ್ತು ಕೊಟ್ಟಿಗೆಯೊಳಗೆ ಕೊಡವುವಾಗ ಏಳುವ ಬೂದು ಪುಡಿಯಲ್ಲಿ ಅವುಗಳ ಬೀಜಕಣಗಳು ತುಂಬಿರುತ್ತವೆ. ಸಂವೇದನೆ ಬೆಳೆದವರಲ್ಲಿ ನಾಲ್ಕರಿಂದ ಎಂಟು ಗಂಟೆಗಳ ತರುವಾಯ ಚಳಿ, ಜ್ವರ, ಒಣಕೆಮ್ಮು, ಏದುಸಿರು ಕಾಣುತ್ತದೆ. ಬೆಳಿಗ್ಗೆ ಹುಲ್ಲು ಕೊಡವಿದವರಿಗೆ ಸಂಜೆ ಜ್ವರ ಬರುವುದರಿಂದ ಎರಡಕ್ಕೂ ಸಂಬಂಧವಿದೆಯೆಂದು ಯಾರಿಗೂ ಹೊಳೆಯುವುದಿಲ್ಲ. ವೈದ್ಯಕೀಯದಲ್ಲಿ ಇದನ್ನು ರೈತರ ಶ್ವಾಸಕೋಶ ಎಂದೇ ಕರೆಯುತ್ತಾರೆ.

ಇದರ ಸಿ.ಟಿ. ಚಿತ್ರದಲ್ಲಿ ಮಂಜು ಮುಸುಕಿದಂತಹ ಮಸುಕಾದ ಸಣ್ಣ ಚುಕ್ಕೆಗಳು, ನಡುನಡುವೆ ಗಾಳಿ ಸಿಕ್ಕಿಹಾಕಿಕೊಂಡ ಕಪ್ಪು ತೇಪೆಗಳು ಕಾಣುತ್ತವೆ. ರಕ್ತದಲ್ಲಿ ಆ ಸೂಕ್ಷ್ಮಜೀವಿಗಳ ವಿರುದ್ಧದ ಐಜಿಜಿ ಪ್ರತಿಕಾಯಗಳು ದೊರೆಯುತ್ತವೆ. ಇಲ್ಲಿ ಎರಡು ಎಚ್ಚರಿಕೆಗಳಿವೆ. ಅಲರ್ಜಿ ಎಂದೊಡನೆ ಇಯೊಸಿನೊಫಿಲ್ ಎಂಬ ಬಿಳಿಕಣ ಏರಿರಬೇಕೆಂಬ ನಿರೀಕ್ಷೆ ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಸುಳ್ಳಾಗುತ್ತದೆ. ಏರಿಲ್ಲವೆಂದು ಕಾಯಿಲೆಯನ್ನು ಅಲ್ಲಗಳೆಯಲಾಗದು. ಹಾಗೆಯೇ ಐಜಿಜಿ ಪ್ರತಿಕಾಯಗಳು ಆರೋಗ್ಯವಂತ ಹೈನುಗಾರರಲ್ಲೂ ಇರುತ್ತವೆ. ಅವು ಧೂಳು ಒಳಹೊಕ್ಕಿದೆ ಎಂಬುದಕ್ಕೆ ಸಾಕ್ಷಿಯೇ ಹೊರತು ರೋಗಕ್ಕಲ್ಲ. ಚಿತ್ರ, ಪ್ರತಿಕಾಯ, ಹುಲ್ಲು ಕೊಡವಿದ ದಿನದ ಜ್ವರ, ಈ ಮೂರೂ ಕೂಡಿದಾಗ ಅನುಮಾನ ಬಲಗೊಳ್ಳುತ್ತದೆ. ಆರಂಭದಲ್ಲಿಯೇ ಗುರುತಿಸಿ ಆ ಧೂಳಿನಿಂದ ದೂರವಿದ್ದರೆ ಶ್ವಾಸಕೋಶ ಬಹುಮಟ್ಟಿಗೆ ಸುಧಾರಿಸುತ್ತದೆ. ವರ್ಷಗಟ್ಟಲೆ ಬಿಟ್ಟರೆ ನಾರುಗಟ್ಟುವಿಕೆ ಆರಂಭವಾಗುತ್ತದೆ, ಅದು ಮರಳಿ ಸರಿಯಾಗದು. ಈ ಹಂತದಲ್ಲಿ ದೊಡ್ಡ ಆಸ್ಪತ್ರೆಗಳಲ್ಲಿ ಕೆ.ಎಲ್.-6 ಎಂಬ ಪರೀಕ್ಷೆ ಬರೆಯುವುದುಂಟು. ಜಪಾನಿನಲ್ಲಿ ಇದು ಬಹುಕಾಲದಿಂದ ಬಳಕೆಯಲ್ಲಿದ್ದು, ಮಿಲಿಲೀಟರಿಗೆ 500 ಯೂನಿಟ್ ಅಲ್ಲಿನ ಗಡಿರೇಖೆ. ಸಿ.ಟಿ. ಚಿತ್ರದಲ್ಲಿ ರೋಗದ ಹರವು ಹೆಚ್ಚಿದಂತೆ ಈ ಸಂಖ್ಯೆಯೂ ಸಾಮಾನ್ಯವಾಗಿ ಹೆಚ್ಚುತ್ತದೆ. ವೈದ್ಯರು ಕೇಳದೆ ತಾವಾಗಿ ಮಾಡಿಸಿಕೊಳ್ಳುವಂತಹ ಪರೀಕ್ಷೆ ಇದಲ್ಲ.

ಬೂಷ್ಟಿನಿಂದಲೇ ಬರುವ ಇನ್ನೊಂದು ಕಾಯಿಲೆಯಲ್ಲಿ ಚಿತ್ರ ಮತ್ತು ರಕ್ತದ ಹೊಂದಾಣಿಕೆ ಬಹಳ ಸ್ಪಷ್ಟ. ಉಬ್ಬಸವಿರುವ ಕೆಲವರ ಶ್ವಾಸನಾಳಗಳಲ್ಲಿ ಆಸ್ಪರ್ಜಿಲಸ್ ಎಂಬ ಬೂಷ್ಟು ನೆಲೆಯೂರಿ ತೀವ್ರ ಅಲರ್ಜಿಯನ್ನು ಉಂಟುಮಾಡುತ್ತದೆ. ಹುಲ್ಲು, ಗೊಬ್ಬರದ ಗುಂಡಿ, ಮುಗ್ಗಿದ ಧಾನ್ಯ ಎಲ್ಲೆಡೆಯೂ ಈ ಬೂಷ್ಟು ಇರುತ್ತದೆ. ಇವರ ಸಿ.ಟಿ.ಯಲ್ಲಿ ದೊಡ್ಡ ಶ್ವಾಸನಾಳಗಳು ಹಿಗ್ಗಿ, ಕೆಲವೊಮ್ಮೆ ಮಾಂಸಖಂಡಕ್ಕಿಂತಲೂ ಬಿಳಿಯಾಗಿ ಕಾಣುವ ಗಟ್ಟಿ ಕಫ ತುಂಬಿರುತ್ತದೆ. ರಕ್ತದಲ್ಲಿ ಒಟ್ಟು ಐಜಿಇ ಬಹಳ ಏರಿರುತ್ತದೆ. ಹಿಂದೆ 1000 ಯೂನಿಟ್ ಮೀರಿದರೆ ಎಂದಿದ್ದ ಮಾನದಂಡವನ್ನು 2024ರಲ್ಲಿ 500ಕ್ಕೆ ಇಳಿಸಲಾಗಿದೆ. ಜೊತೆಗೆ ಆಸ್ಪರ್ಜಿಲಸ್ ವಿರುದ್ಧದ ಐಜಿಇಯನ್ನೂ ಇಯೊಸಿನೊಫಿಲ್ ಎಣಿಕೆಯನ್ನೂ ನೋಡುತ್ತಾರೆ. ಬಿಳಿ ಕಫ ಕಂಡವರಲ್ಲಿ ಐಜಿಇ ಮತ್ತು ಇಯೊಸಿನೊಫಿಲ್ ಎರಡೂ ಹೆಚ್ಚಿರುವುದನ್ನೂ, ಕಾಯಿಲೆ ಮರುಕಳಿಸುವ ಸಂಭವ ಅಧಿಕವಿರುವುದನ್ನೂ ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ಅಧ್ಯಯನಗಳು ತೋರಿಸಿವೆ. ನಮ್ಮ ದೇಶದಲ್ಲಿ ಇದನ್ನೂ ಕ್ಷಯವೆಂದು ತಿಳಿದು ಚಿಕಿತ್ಸೆ ನೀಡುವುದು ನಡೆದೇ ಇದೆ. ಚಿಕಿತ್ಸೆ ಫಲಿಸಿದರೂ ಐಜಿಇ ಸಹಜ ಮಟ್ಟಕ್ಕೆ ಮರಳಬೇಕೆಂದಿಲ್ಲ ಎಂಬುದನ್ನು ರೋಗಿಗಳು ಅರಿತಿರಬೇಕು. ಆರಂಭದ ಸಂಖ್ಯೆಗಿಂತ ಎಷ್ಟು ಇಳಿಯಿತು ಎಂಬುದೇ ಮುಖ್ಯ.

ರೇಷ್ಮೆ ಹುಳು ಸಾಕುವವರಲ್ಲಿ ಹಿಕ್ಕೆ, ಹಾಸಿಗೆಯ ಧೂಳು, ಪತಂಗದ ರೆಕ್ಕೆಯ ಪುಡಿಗಳಿಂದ ಬರುವ ಉಬ್ಬಸದಲ್ಲಿ ಐಜಿಇ ಮತ್ತು ಇಯೊಸಿನೊಫಿಲ್ ಏರಿದ್ದರೂ ಎಕ್ಸ್‌ರೇ ಬಹುಪಾಲು ಸಹಜವಾಗಿಯೇ ಇರುತ್ತದೆ. ಚಿತ್ರ ಚೆನ್ನಾಗಿದೆಯೆಂದು ಕಾಯಿಲೆಯೇ ಇಲ್ಲವೆನ್ನಲಾಗದು.

ಒಲೆಯ ಹೊಗೆ ಮತ್ತು ಬೀಡಿ

ದೀರ್ಘಕಾಲದ ಶ್ವಾಸನಾಳ ತಡೆ ರೋಗ, ಅಂದರೆ ಸಿ.ಓ.ಪಿ.ಡಿ.ಯಲ್ಲಿ ಬೀಡಿ ಸೇದಿದವರ ಸಿ.ಟಿ. ಚಿತ್ರವು ಹುಳು ತಿಂದ ಎಲೆಯಂತೆ ಕಪ್ಪು ತೂತುಗಳಿಂದ ಕೂಡಿರುತ್ತದೆ. ಸೌದೆ ಒಲೆಯ ಮುಂದೆ ಬಾಳು ಕಳೆದ ಮಹಿಳೆಯರಲ್ಲಿ ತೂತುಗಳು ಕಡಿಮೆ. ನಾಳಗಳ ಗೋಡೆ ದಪ್ಪವಾಗಿರುವುದು, ಗಾಳಿ ಹೊರಬಾರದೆ ಸಿಕ್ಕಿಕೊಳ್ಳುವುದು ಹೆಚ್ಚು. ತೂತುಗಳು ಹೆಚ್ಚಿದಂತೆ ರಕ್ತದಲ್ಲಿ ಎಸ್‌-ರೇಜ್ ಎಂಬ ಪ್ರೋಟೀನು ಇಳಿದಿರುವುದನ್ನು ವಿದೇಶಗಳ ಹಲವು ಅಧ್ಯಯನಗಳು ಕಂಡುಕೊಂಡಿವೆ. ಆದರೆ ಅದು ಸದ್ಯಕ್ಕೆ ಸಂಶೋಧನಾಲಯದ ವಿಷಯ. ರೈತರಿಗೆ ಇಂದೇ ಉಪಯೋಗಕ್ಕೆ ಬರುವುದು ಸಾಮಾನ್ಯ ರಕ್ತ ಪರೀಕ್ಷೆಯ ಎರಡು ಸಾಲುಗಳು.

ಮೊದಲನೆಯದು ಇಯೊಸಿನೊಫಿಲ್ ಎಣಿಕೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ 300 ಅಥವಾ ಹೆಚ್ಚಿದ್ದು ಕಾಯಿಲೆ ಪದೇ ಪದೇ ಉಲ್ಬಣಿಸುತ್ತಿದ್ದರೆ ಸೇದುವ ಸ್ಟೀರಾಯ್ಡ್ ಔಷಧ ಫಲ ನೀಡುವ ಸಂಭವ ಹೆಚ್ಚು. 100ಕ್ಕಿಂತ ಕಡಿಮೆಯಿದ್ದರೆ ಫಲ ಅತ್ಯಲ್ಪ, ನ್ಯುಮೋನಿಯಾದ ಅಪಾಯ ಮಾತ್ರ ಉಳಿಯುತ್ತದೆ. ಜಂತುಹುಳುವಿನಿಂದಲೂ ಈ ಎಣಿಕೆ ಏರುತ್ತದೆ. ಸ್ಟೀರಾಯ್ಡ್ ಗುಳಿಗೆ ನುಂಗುತ್ತಿರುವಾಗ ಅದು ಕುಸಿಯುತ್ತದೆ. ಆದುದರಿಂದ ಗುಳಿಗೆ ಆರಂಭಿಸುವ ಮೊದಲಿನ ವರದಿ ಅಮೂಲ್ಯವಾದುದು, ಅದನ್ನು ಎಸೆಯಬಾರದು.

ಎರಡನೆಯದು ಹಿಮೋಗ್ಲೋಬಿನ್. 18 ಗ್ರಾಂ ಇದ್ದರೆ ಹಳ್ಳಿಗಳಲ್ಲಿ ರಕ್ತ ಚೆನ್ನಾಗಿದೆ ಎಂದು ಸಂತೋಷಪಡುವುದುಂಟು. ಬಹುಕಾಲದ ಏದುಸಿರು ಇರುವವರಲ್ಲಿ ಇದು ಒಳ್ಳೆಯ ಸುದ್ದಿಯಲ್ಲ. ಆಮ್ಲಜನಕ ಸಾಲದೆ ದೇಹವು ಹೆಚ್ಚು ಕೆಂಪುಕಣಗಳನ್ನು ತಯಾರಿಸುತ್ತಿದೆ ಎಂಬುದು ಅದರ ಅರ್ಥವಿರಬಹುದು. ಅದೇ ವ್ಯಕ್ತಿಯ ಸಿ.ಟಿ.ಯಲ್ಲಿ ಶ್ವಾಸಕೋಶಕ್ಕೆ ರಕ್ತ ಒಯ್ಯುವ ಧಮನಿಯು ಪಕ್ಕದ ಮಹಾಧಮನಿಗಿಂತ ಅಗಲವಾಗಿದ್ದರೆ ಹೃದಯದ ಬಲಭಾಗದ ಮೇಲೆ ಒತ್ತಡ ಬಿದ್ದಿದೆ ಎಂದು ಶಂಕಿಸಬೇಕು. ಇಂತಹವರು ಬೆರಳಿಗೆ ಹಾಕುವ ಆಕ್ಸಿಮೀಟರಿನಲ್ಲಿ ಆಮ್ಲಜನಕ ಅಳೆಸಿಕೊಂಡು ಹೃದಯದ ಎಕೋ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳುವುದು ಸೂಕ್ತ.

ಸೈನೈಡ್ ದಿಬ್ಬದ ಧೂಳಿನ ಬಗ್ಗೆ ಒಂದು ಮಾತು. ಗಣಿಯ ಅರೆದ ಮಣ್ಣಿನ 13 ದಿಬ್ಬಗಳಲ್ಲಿ ಮೂರು ಕೋಟಿ ಟನ್ನಿಗೂ ಹೆಚ್ಚು ಶೇಷವಿದೆ. ಆಷಾಢದ ಗಾಳಿಗೆ ಅದು ಊರಿನ ಮೇಲೆ ಹಾರುವುದನ್ನು ಎಲ್ಲರೂ ಕಂಡಿದ್ದಾರೆ. ಉಬ್ಬಸ, ಸಿ.ಓ.ಪಿ.ಡಿ. ಇರುವವರಿಗೆ ಆ ದಿನಗಳು ಕಠಿಣ. ಆದರೆ ದಿಬ್ಬದ ಬಳಿ ವಾಸವಿದ್ದ ಮಾತ್ರಕ್ಕೆ ಎಕ್ಸ್‌ರೇಯ ಪ್ರತಿಯೊಂದು ಚುಕ್ಕೆಯನ್ನೂ ಸಿಲಿಕೋಸಿಸ್ ಎನ್ನುವುದು ಸರಿಯಲ್ಲ. ಆ ಕಾಯಿಲೆ ಮುಖ್ಯವಾಗಿ ಕೊರೆಯುವ, ಒಡೆಯುವ, ಅರೆಯುವ ಕೆಲಸದಲ್ಲಿ ವರ್ಷಗಟ್ಟಲೆ ಇದ್ದವರದು. ಇಂದು ಕ್ವಾರಿ, ಜಲ್ಲಿ ಕ್ರಷರ್, ಕಲ್ಲು ಕೆತ್ತನೆಯಲ್ಲಿ ದುಡಿಯುತ್ತಿರುವ ಯುವಕರು ಈ ಸಾಲಿಗೆ ಸೇರುತ್ತಾರೆ.

ಆಸ್ಪತ್ರೆಗೆ ಹೋಗುವಾಗ

ಬಂಗಾರಪೇಟೆ ಮತ್ತು ಕೆ.ಜಿ.ಎಫ್.ನ ಸರ್ಕಾರಿ ಆಸ್ಪತ್ರೆಗಳಲ್ಲಿ ಮೊದಲ ತಪಾಸಣೆ ಮಾಡಿಸಿಕೊಂಡು, ಅಗತ್ಯವಿದ್ದರೆ ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆ, ಟಮಕದ ವೈದ್ಯಕೀಯ ಕಾಲೇಜು ಆಸ್ಪತ್ರೆ ಅಥವಾ ಬೆಂಗಳೂರಿನ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಗೆ ಹೋಗಬಹುದು. ಊದುವ ಪರೀಕ್ಷೆ, ಅಂದರೆ ಸ್ಪೈರೋಮೆಟ್ರಿಯನ್ನು ಬಿಡಬಾರದು. ಉಸಿರಾಟದ ಶಕ್ತಿ ಎಷ್ಟು ಉಳಿದಿದೆ ಎಂಬುದನ್ನು ಚಿತ್ರವೂ ಹೇಳದು, ರಕ್ತವೂ ಹೇಳದು. ಸಾಮಾನ್ಯ ಸಿ.ಟಿ.ಯಲ್ಲಿ ಹತ್ತಾರು ಎಕ್ಸ್‌ರೇಗಳಷ್ಟು ವಿಕಿರಣ ತಗಲುವುದರಿಂದ ಹಳೆಯದು ಇರುವಾಗ ಆಸ್ಪತ್ರೆ ಬದಲಿಸಿದಾಗಲೆಲ್ಲ ಹೊಸದನ್ನು ತೆಗೆಸುವ ಅಗತ್ಯವಿಲ್ಲ. ಐದು ವರ್ಷ ಹಿಂದಿನ ಚಿತ್ರದೊಡನೆ ಹೋಲಿಸಿದಾಗಲೇ ಗಂಟು ಬೆಳೆದಿದೆಯೋ ನಿಂತಿದೆಯೋ ತಿಳಿಯುವುದು.

ಒಂದು ಹಾಳೆಯಲ್ಲಿ ಕೆಲಸದ ವಿವರವನ್ನು ಇಸವಿ ಸಹಿತ ಬರೆದುಕೊಂಡು ಹೋಗಬೇಕು: ಯಾವ ಗಣಿ ಅಥವಾ ಕ್ವಾರಿ, ನೆಲದಡಿಯೋ ಗಿರಣಿಯೋ, ಎಷ್ಟು ವರ್ಷ, ಅನಂತರ ಯಾವ ಕೃಷಿ, ಹುಲ್ಲು ಕೊಡವುವವರು ಯಾರು, ಒಲೆ ಯಾವುದು, ಬೀಡಿ ಎಷ್ಟು. ಸಿಲಿಕೋಸಿಸ್ ಪರಿಹಾರಕ್ಕೆ ಅರ್ಹವಾದ ವೃತ್ತಿರೋಗ. 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಪಟ್ಟಿಯಲ್ಲೇ ಅದು ಸೇರಿತ್ತು. ಹಕ್ಕು ಕೇಳುವಾಗ ಬೇಕಾಗುವುದು ಕೆಲಸದ ದಾಖಲೆ, ವರ್ಗೀಕರಣದ ಗುರುತು ಸಹಿತವಾದ ಎಕ್ಸ್‌ರೇ ವರದಿ. ಗಣಿಯ ಗುರುತಿನ ಚೀಟಿ, ಭವಿಷ್ಯನಿಧಿಯ ಕಾಗದ ಇದ್ದರೆ ಫಿಲ್ಮಿನ ಲಕೋಟೆಯಲ್ಲೇ ಇಡಬಹುದು. ಫಿಲ್ಮನ್ನು ಮಡಿಸದೆ, ಬಿಸಿಲು ಮತ್ತು ಒಲೆಯ ಶಾಖ ತಾಗದ ಕಡೆ ಚಪ್ಪಟೆಯಾಗಿ ಇಟ್ಟು, ಲಕೋಟೆಯ ಮೇಲೆ ತೆಗೆಸಿದ ದಿನಾಂಕ ಬರೆದು, ಅದೇ ವಾರದ ರಕ್ತದ ವರದಿಯನ್ನು ಅದರೊಡನೆ ಸೇರಿಸಿ ಇಡಬೇಕು.